ಒಗ್ಗಿಸಿಕೊಳ್ಳಬಲ್ಲ ಲೇಖನಸಾಧನ: ಹಳಗನ್ನಡ ಬರಹಗಳ ಪ್ರತಿಲೇಖನದ ದೃಷ್ಟಿಯಿಂದ ಒಂದು ವಿವೇಚನೆ

೧. ಪೀಠಿಕೆ

ಇತಿಹಾಸ ವಿಭಾಗದ ಸಂಶೋಧನ ಸಂಚಿಕೆಯಲ್ಲಿ ಗಣಕಯಂತ್ರದ ತಂತ್ರಾಂಶವೊಂದರ ವಿಚಾರವು ಬಂದಿರುವದನ್ನು ಕಂಡು ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ಶಾಸನ, ಕಡತ, ಬಖರು, ನಾಣ್ಯ ಇವು ನಮ್ಮ ಕ್ಷೇತ್ರ. ಕೀಲಿಮಣೆ, ತೆರೆ, ಆಜ್ಞೆ ಇವು ಬೇರೆಯವರ ಕ್ಷೇತ್ರ ಎಂಬ ಭಾವನೆಯು ಸಹಜವಾದುದೇ. ಆದರೆ ಶಾಸನದ ಪಡಿಯಚ್ಚನ್ನು ಓದಿದವನು ತನ್ನ ಓದನ್ನು ಬರೆದಿಡುವದು ಇಂದು ಬಹುಮಟ್ಟಿಗೆ ಗಣಕಯಂತ್ರದಲ್ಲಿಯೇ. ಕಲ್ಲಿಗೂ ಗ್ರಂಥಕ್ಕೂ ನಡುವೆ ನಿಂತಿರುವ ಈ ಸಾಧನವು ನಿಷ್ಪಕ್ಷಪಾತಿಯೆ? ಅದು ನಾವು ಕಂಡುದನ್ನು ಕಂಡಂತೆ ದಾಖಲಿಸಲು ಬಿಡುವದೆ? ಈ ಪ್ರಶ್ನೆಯು ಇತಿಹಾಸಕಾರನದೇ ಹೊರತು ಕೇವಲ ಯಂತ್ರಜ್ಞನದಲ್ಲ.

ಒಂದು ನಿದರ್ಶನವನ್ನು ನೋಡೋಣ. ಹಾಸನ ಜಿಲ್ಲೆಯ ಬೇಲೂರು ತಾಲೂಕಿನ ಹಲ್ಮಿಡಿಯ ಶಾಸನವು ಸುಮಾರು ಕ್ರಿ. ಶ. ೪೫೦ರದೆಂದು ಸಾಮಾನ್ಯವಾಗಿ ಎಣಿಸಲ್ಪಟ್ಟಿದೆ. ಡಾ. ಎಂ. ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದು, ಮೈಸೂರು ಪುರಾತತ್ತ್ವ ಇಲಾಖೆಯ ೧೯೩೬ರ ವರದಿಯಲ್ಲಿ ಚರ್ಚಿಸಿದರು. ಅದರಲ್ಲಿ ವೀರನಿಗೆ ಕೊಟ್ಟ ದತ್ತಿಯನ್ನು ಹೇಳುವ ಶಬ್ದವನ್ನು ‘ಬಾಳ್ಗೞ್ಚು’ ಎಂದು ಓದುವ ರೂಢಿಯಿದೆ. ಕತ್ತಿಯನ್ನು ತೊಳೆಯುವದು ಎಂಬುದು ಅದರ ಮೂಲಾರ್ಥ. ಈ ಒಂದೇ ಶಬ್ದದಲ್ಲಿ ‘ಳ’ಕಾರವೂ ಉಂಟು, ‘ೞ’ಕಾರವೂ ಉಂಟು. ‘ಬಾಳ್’ ಎಂದರೆ ಖಡ್ಗ; ‘ಬಾೞ್’ ಎಂದರೆ ಜೀವಿಸು. ಅಂತೆಯೇ ‘ಅರಿ’ ಎಂದರೆ ಕತ್ತರಿಸು, ‘ಅಱಿ’ ಎಂದರೆ ತಿಳಿ. ಹೊಸಗನ್ನಡದಲ್ಲಿ ‘ೞ’ವು ‘ಳ’ದಲ್ಲಿಯೂ ‘ಱ’ವು ‘ರ’ದಲ್ಲಿಯೂ ಲೀನವಾಗಿಹೋದವು. ಆದುದರಿಂದ ಇಂದಿನ ಬಳಕೆಗಾಗಿ ರಚಿತವಾದ ಸಾಧನದಲ್ಲಿ ಈ ಎರಡಕ್ಷರಗಳು ಕೈಗೆ ಸುಲಭವಾಗಿ ಸಿಕ್ಕುವದಿಲ್ಲ.

ಅಕ್ಷರವು ಎಲ್ಲಿದೆಯೆಂದು ತಿಳಿಯದ ವಿದ್ಯಾರ್ಥಿಯು ‘ಬಾಳ್ಗಳ್ಚು’ ಎಂದೇ ಮುದ್ರಿಸಿ ಮುಂದೆ ಸಾಗುವನು. ಅವನಿಗೆ ಅದು ಚಿಕ್ಕ ಅನುಕೂಲ. ಮುಂದಿನ ಸಂಶೋಧಕನಿಗೆ ಮಾತ್ರ ಒಂದು ಸಾಕ್ಷ್ಯವೇ ಇಲ್ಲವಾಯಿತು. ಶಾಸನದ ಕಾಲವನ್ನು ಲಿಪಿ-ಭಾಷೆಗಳ ಆಧಾರದಿಂದ ಊಹಿಸುವವರಿಗೆ ‘ೞ’ ಇದೆಯೆ, ‘ಳ’ ಇದೆಯೆ ಎಂಬುದು ನಿರ್ಣಾಯಕವಾಗಬಹುದು. ಸಾಧನದಲ್ಲಿ ಮೊದಲೇ ಗೊತ್ತುಮಾಡಿಟ್ಟ ವ್ಯವಸ್ಥೆಯು ಹೀಗೆ ಸದ್ದಿಲ್ಲದೆ ಮೂಲವನ್ನು ತಿದ್ದುವದು. ಇದನ್ನು ತಡೆಯಬೇಕಾದರೆ ಸಾಧನವನ್ನು ತನ್ನ ಕೆಲಸಕ್ಕೆ ಒಗ್ಗಿಸಿಕೊಳ್ಳುವ ಶಕ್ತಿಯು ಕೆಲಸ ಮಾಡುವವನ ಕೈಯಲ್ಲಿಯೇ ಇರಬೇಕು. ಆ ಶಕ್ತಿಯನ್ನು ಅವನಿಗೆ ಸುಲಭವಾಗಿ ಒದಗಿಸುವ ಬಗೆ ಯಾವುದೆಂಬುದೇ ಪ್ರಸ್ತುತ ಲೇಖನದ ವಿಷಯ.

೨. ಸಾಧನದ ಸ್ವರೂಪ

ಟೆಕ್ಸ್ಟ್ ಎಡಿಟರ್ ಎಂದರೆ ಬರಹವನ್ನು ಬರೆಯುವದಕ್ಕೂ ತಿದ್ದುವದಕ್ಕೂ ಇರುವ ತಂತ್ರಾಂಶ. ಅಕ್ಷರದ ಗಾತ್ರ, ಬಣ್ಣ, ಪುಟದ ಅಲಂಕಾರಗಳಿಗಿಂತ ಬರಹದ ಅಕ್ಷರಸರಣಿಯೇ ಅದಕ್ಕೆ ಮುಖ್ಯ. ಇಂಥ ಎಡಿಟರುಗಳಲ್ಲಿ ಕೆಲವು ಪ್ರೋಗ್ರಾಂ ಬರೆದು ವಿಸ್ತರಿಸಬಹುದಾದವು. ಎಂದರೆ ಕೊಳ್ಳುವಾಗ ಇದ್ದ ಗುಣಗಳಲ್ಲದೆ ಬಳಸುವವನು ಹೊಸ ಗುಣಗಳನ್ನು ಅದಕ್ಕೆ ಕಲಿಸಬಹುದು. ಈ ಜಾತಿಯಲ್ಲಿ ಹಳೆಯದೂ ಹೆಸರಾದುದೂ ಆದ ಎಮ್ಯಾಕ್ಸನ್ನೇ ನಾವು ಇಲ್ಲಿ ಉದಾಹರಣೆಗೆ ತೆಗೆದುಕೊಂಡಿದ್ದೇವೆ. ಅದು ಹಣ ಕೊಡದೆ ದೊರೆಯುವದು, ಅದರ ಒಳರಚನೆಯು ಎಲ್ಲರಿಗೂ ತೆರೆದಿರುವದು, ಮತ್ತು ಕನ್ನಡ ಬರಹಕ್ಕೆ ಬೇಕಾದ ಏರ್ಪಾಡು ಅದರಲ್ಲಿಯೇ ಅಡಕವಾಗಿರುವದು ಈ ಆಯ್ಕೆಗೆ ಕಾರಣ.

ಅದರ ಚರಿತ್ರೆಯು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಅಮೇರಿಕೆಯ ಮ್ಯಾಸಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯ ಕೃತಕ ಬುದ್ಧಿಮತ್ತೆಯ ಪ್ರಯೋಗಶಾಲೆಯಲ್ಲಿ ಟೆಕೊ ಎಂಬ ಎಡಿಟರು ಬಳಕೆಯಲ್ಲಿತ್ತು. ಅದರಲ್ಲಿ ಹಲವು ಆಜ್ಞೆಗಳನ್ನು ಒಟ್ಟುಗೂಡಿಸಿ ಒಂದು ‘ಮ್ಯಾಕ್ರೊ’ವನ್ನಾಗಿ ಮಾಡಿಕೊಳ್ಳಬಹುದಾಗಿತ್ತು. ಅಲ್ಲಿಯ ಜಾಣರು ತಮತಮಗೆ ತೋರಿದಂತೆ ಇಂಥ ಕಂತೆಗಳನ್ನು ಹೆಣೆದುಕೊಂಡರು. ಫಲವಾಗಿ ಒಬ್ಬನ ಯಂತ್ರದ ಮುಂದೆ ಇನ್ನೊಬ್ಬನು ಕುಳಿತರೆ ಯಾವ ಕೀಲಿ ಏನು ಮಾಡುವದೆಂಬುದೇ ತಿಳಿಯದಾಯಿತು. ಈ ಕಂತೆಗಳನ್ನು ಒಂದುಗೂಡಿಸಲು ಗೈ ಸ್ಟೀಲ್ ಮತ್ತು ರಿಚರ್ಡ್ ಸ್ಟಾಲ್ಮನ್ ಮೊದಲಾದವರು ಮಾಡಿದ ಪ್ರಯತ್ನದಿಂದ ೧೯೭೬ರಲ್ಲಿ ಎಮ್ಯಾಕ್ಸ್ ಹುಟ್ಟಿತು. ‘ಎಡಿಟರಿನ ಮ್ಯಾಕ್ರೊಗಳು’ ಎಂಬುದರ ಸಂಕ್ಷೇಪವೇ ಆ ಹೆಸರು. ಇಂದು ಬಳಕೆಯಲ್ಲಿರುವ ಗ್ನು ಎಮ್ಯಾಕ್ಸನ್ನು ಸ್ಟಾಲ್ಮನ್ ೧೯೮೫ರಲ್ಲಿ ಹೊರತಂದರು. ಸ್ವಾತಂತ್ರ್ಯವು ಅತಿಯಾದುದರಿಂದ ಸಾಮಾನ್ಯ ಭಾಷೆ ಕೆಟ್ಟಿತು. ಅದನ್ನು ಸರಿಪಡಿಸಲು ಹೊರಟವರು ಸ್ವಾತಂತ್ರ್ಯವನ್ನು ಕಸಿದುಕೊಳ್ಳದೆ ಅದಕ್ಕೊಂದು ಕ್ರಮವನ್ನು ಕೊಟ್ಟರು. ಈ ಮಾತನ್ನು ಮುಂದೆ ಮತ್ತೆ ನೆನೆಯಬೇಕಾಗುವದು.

ಇನ್ನೊಂದು ಪ್ರಸಂಗವೂ ಉಲ್ಲೇಖನೀಯವಾಗಿದೆ. ಬರ್ನಾರ್ಡ್ ಗ್ರೀನ್‌ಬರ್ಗ್ ಎಂಬವರು ೧೯೭೮ರಲ್ಲಿ ಮಲ್ಟಿಕ್ಸ್ ಎಂಬ ಗಣಕವ್ಯವಸ್ಥೆಗಾಗಿ ಲಿಸ್ಪ್ ಭಾಷೆಯಲ್ಲಿ ಇನ್ನೊಂದು ಎಮ್ಯಾಕ್ಸನ್ನು ರಚಿಸಿದರು. ಅವರ ಕಚೇರಿಯ ಕಾರಕೂನರು ಅದನ್ನು ಬಳಸತೊಡಗಿದರು. ಎಡಿಟರನ್ನು ವಿಸ್ತರಿಸುವ ಬಗೆಯನ್ನು ಅವರಿಗೆ ಕೊಟ್ಟ ಕೈಪಿಡಿಯು ತಿಳಿಸುತ್ತಿತ್ತು. ಆದರೆ ಅದಕ್ಕೆ ‘ಪ್ರೋಗ್ರಾಂ ಬರೆಯುವದು’ ಎಂಬ ಹೆಸರನ್ನು ಎಲ್ಲಿಯೂ ಕೊಟ್ಟಿರಲಿಲ್ಲ. ಪ್ರೋಗ್ರಾಂ ಬರೆಯುವದು ತಮ್ಮಿಂದಾಗದು ಎಂದು ನಂಬಿದ್ದ ಆ ಜನ, ಹೆಸರಿನ ಹೆದರಿಕೆಯಿಲ್ಲದ್ದರಿಂದ ಅದನ್ನು ಓದಿ, ತಮಗೆ ಬೇಕಾದುದನ್ನು ತಾವೇ ಮಾಡಿಕೊಂಡರು. ಈ ಸಂಗತಿಯನ್ನು ಸ್ಟಾಲ್ಮನ್ ೨೦೦೨ರ ಒಂದು ಭಾಷಣದಲ್ಲಿ ಹೇಳಿದ್ದಾರೆ. ಸಾಧನವನ್ನು ತಿದ್ದಿಕೊಳ್ಳಲು ಬೇಕಾಗುವದು ಹೊಸ ಬುದ್ಧಿಶಕ್ತಿಯಲ್ಲ, ಅಳುಕಿಲ್ಲದೆ ಒಳಹೋಗಬಹುದಾದ ಬಾಗಿಲು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯದು.

೩. ಮೂರು ಬಾಗಿಲುಗಳು

ಎಮ್ಯಾಕ್ಸನ್ನು ಒಗ್ಗಿಸಿಕೊಳ್ಳುವದಕ್ಕೆ ಮುಖ್ಯವಾಗಿ ಮೂರು ಮಾರ್ಗಗಳಿವೆ: ಫಾರ್ಮು ತುಂಬುವದು, ಮಾಡಿ ತೋರಿಸುವದು, ಬರೆದು ಹೇಳುವದು.

ಮೊದಲನೆಯದು ‘ಕಸ್ಟಮೈಜ್’ ಎಂಬ ಏರ್ಪಾಡು. ಡೆನ್ಮಾರ್ಕಿನ ಪೆರ್ ಅಬ್ರಹಾಮ್‌ಸೆನ್ ಅವರು ರಚಿಸಿದ ಇದು ೧೯೯೭ರಲ್ಲಿ ಹೊರಬಂದ ೨೦ನೆಯ ಆವೃತ್ತಿಯಲ್ಲಿ ಸೇರಿತು. ಅದಕ್ಕೆ ಮುಂಚೆ ಚಿಕ್ಕ ಬದಲಾವಣೆಗೂ ಲಿಸ್ಪ್ ಭಾಷೆಯಲ್ಲಿ ಒಂದು ಸಾಲನ್ನು ಬರೆಯಬೇಕಾಗುತ್ತಿತ್ತು. ಒಂದು ಆವರಣ ಚಿಹ್ನೆ ತಪ್ಪಿದರೆ ಎಲ್ಲವೂ ಕೆಡುತ್ತಿತ್ತು. ಈಗಲಾದರೋ ಪ್ರತಿಯೊಂದು ಆಯ್ಕೆಗೂ ಫಾರ್ಮಿನಲ್ಲಿ ಒಂದು ಸ್ಥಾನವಿದೆ. ಅಲ್ಲಿ ಆಯ್ಕೆಯ ಹೆಸರು, ಅದರ ಈಗಿನ ಬೆಲೆ, ಅದು ಏನು ಮಾಡುವದೆಂಬ ವಿವರಣೆ, ಮತ್ತು ಅದರ ಸ್ಥಿತಿ ಈ ನಾಲ್ಕು ಕಾಣಸಿಗುವವು. ಹೌದು-ಅಲ್ಲ ಎಂಬ ಉತ್ತರ ಬೇಕಾದಲ್ಲಿ ಒಂದು ಗುಂಡಿ. ಕೆಲವೇ ಬೆಲೆಗಳಲ್ಲಿ ಒಂದನ್ನು ಆರಿಸಬೇಕಾದಲ್ಲಿ ಒಂದು ಪಟ್ಟಿ. ಸಂಖ್ಯೆ ಬೇಕಾದಲ್ಲಿ ಸಂಖ್ಯೆಯನ್ನಲ್ಲದೆ ಮತ್ತೇನನ್ನೂ ಒಪ್ಪದ ಮನೆ. ಆಯ್ಕೆಯನ್ನು ರಚಿಸುವವನು ಅದಕ್ಕೆ ಯಾವ ಬಗೆಯ ಬೆಲೆ ಸಲ್ಲುವದೆಂಬುದನ್ನು ಮೊದಲೇ ಘೋಷಿಸಿರುವದರಿಂದ, ತುಂಬುವವನು ತಪ್ಪಿದರೆ ಫಾರ್ಮೇ ಅವನನ್ನು ತಡೆಯುವದು.

ಈ ಏರ್ಪಾಡಿನ ನಿಜವಾದ ಜಾಣ್ಮೆಯಿರುವದು ಸ್ಥಿತಿಯ ವಿಷಯದಲ್ಲಿ. ಬದಲಿಸಿದ ಬೆಲೆಯನ್ನು ‘ಈ ಸಲಕ್ಕೆ ಮಾತ್ರ’ ಜಾರಿಗೊಳಿಸಬಹುದು, ಇಲ್ಲವೆ ‘ಮುಂದಕ್ಕೂ ಉಳಿಸ’ಬಹುದು, ಮನಸ್ಸು ಬದಲಾದರೆ ಮೂಲದ ಬೆಲೆಗೆ ಮರಳಬಹುದು. ನಮ್ಮ ಪೂರ್ವಿಕರಿಗೆ ಈ ಭೇದವು ಚೆನ್ನಾಗಿ ಗೊತ್ತಿತ್ತು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಲೇಪಿಸಿ ಮಡಿಕೆಯಾಗಿ ಮಾಡಿದ ಕಡತದ ಮೇಲೆ ಬಳಪದಿಂದ ಬರೆದುದನ್ನು ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಕಲ್ಲಿನಲ್ಲಿ ಕೊರೆಸಿದುದು ಆಚಂದ್ರಾರ್ಕವಾದುದು. ಲೆಕ್ಕವನ್ನು ಮೊದಲು ಕಡತದಲ್ಲಿ ಹಾಕಿ ನೋಡಿ, ಸರಿಯೆಂದು ತೋರಿದ ಬಳಿಕ ಶಾಸನ ಹಾಕಿಸುವದು ವಿವೇಕ. ಆಯ್ಕೆಗಳ ಫಾರ್ಮಿನಲ್ಲಿಯೂ ಹಾಗೆಯೇ. ಮೊದಲು ಕಡತ, ಆಮೇಲೆ ಕಲ್ಲು ಎಂಬ ಭರವಸೆ ಇದ್ದರೆ ಹೊಸಬನೂ ಧೈರ್ಯದಿಂದ ಪ್ರಯೋಗ ಮಾಡುವನು. ಇದಕ್ಕೆ ಒತ್ತಾಸೆಯಾಗಿ, ತನ್ನ ಬದಲಾವಣೆಗಳನ್ನೆಲ್ಲ ಬದಿಗಿರಿಸಿ ಎಡಿಟರನ್ನು ಮೂಲಸ್ಥಿತಿಯಲ್ಲಿ ತೆರೆಯುವ ಉಪಾಯವೂ ಇದೆ. ಕೆಟ್ಟಿರುವದು ಸಾಧನವೊ ತನ್ನ ಬದಲಾವಣೆಯೊ ಎಂಬುದನ್ನು ಅದರಿಂದ ಕೂಡಲೆ ಪರೀಕ್ಷಿಸಬಹುದು.

ಎರಡನೆಯ ಮಾರ್ಗವು ಮಾಡಿ ತೋರಿಸುವದು. ಒಂದು ಕೀಲಿಯನ್ನೊತ್ತಿ ‘ನೋಡುತ್ತಿರು’ ಎಂದು ಎಡಿಟರಿಗೆ ತಿಳಿಸಿ, ಬೇಕಾದ ಕೆಲಸವನ್ನು ಒಮ್ಮೆ ಕೈಯಾರೆ ಮಾಡಿ, ಇನ್ನೊಂದು ಕೀಲಿಯಿಂದ ‘ಸಾಕು’ ಎಂದರೆ, ಆ ಬಳಿಕ ಅದೇ ಕೆಲಸವನ್ನು ಎಷ್ಟು ಸಲ ಬೇಕಾದರೂ ಅದು ಪುನರಾವರ್ತಿಸುವದು. ಪ್ರತಿಲೇಖನದಲ್ಲಿ ಅಳಿಸಿದ ಅಕ್ಷರಗಳನ್ನು ಚೌಕ ಕಂಸದೊಳಗಿರಿಸುವದು, ಪ್ರತಿ ಪಂಕ್ತಿಗೂ ಸಂಖ್ಯೆ ಕೊಡುವದು ಮುಂತಾದ ಕೆಲಸಗಳಿಗೆ ಇದು ಬಹಳ ಉಪಯುಕ್ತ. ಪದೇ ಪದೇ ಬರುವ ಹೆಸರುಗಳಿಗೆ ಸಂಕ್ಷೇಪಗಳನ್ನು ಗೊತ್ತುಮಾಡಿಕೊಳ್ಳುವದೂ ಇದೇ ವರ್ಗಕ್ಕೆ ಸೇರಿದ್ದು. ‘ಉಬೆ’ ಎಂದು ಬರೆದು ಜಾಗ ಬಿಟ್ಟೊಡನೆ ‘ಉಪ್ಪಿನಬೆಟಗೇರಿ’ ಎಂದು ಪೂರ್ತಿಯಾಗಿ ಬರುವಂತೆ ಮಾಡುವದಕ್ಕೆ ಯಾವ ಭಾಷೆಯನ್ನೂ ಕಲಿಯಬೇಕಾಗಿಲ್ಲ.

ಮೂರನೆಯ ಮಾರ್ಗವು ಲಿಸ್ಪ್ ಭಾಷೆಯಲ್ಲಿ ಬರೆದು ಹೇಳುವದು. ಇದು ಕೆಲವರಿಗೆ ಮಾತ್ರ ಬೇಕಾಗುವದು. ಆದರೆ ಫಾರ್ಮಿನಲ್ಲಿ ಉಳಿಸಿದ ಬೆಲೆಗಳೂ ಮಾಡಿ ತೋರಿಸಿದ ಮ್ಯಾಕ್ರೊಗಳೂ ಕೊನೆಗೆ ಲಿಸ್ಪಿನ ಸಾಲುಗಳಾಗಿಯೇ ಕಡತದಲ್ಲಿ ಉಳಿಯುವವು; ಬೇಕಾದವನು ಅವುಗಳನ್ನು ತೆರೆದು ಓದಬಹುದು. ಮೊದಲ ಬಾಗಿಲಿನಿಂದ ಬಂದವನು ಒಳಗೊಳಗೇ ನಡೆದು ಮೂರನೆಯ ಕೋಣೆಗೆ ತಲಪುವ ದಾರಿ ಹೀಗೆ ತೆರೆದಿದೆ. ಮೈಕ್ರೊಸಾಫ್ಟ್ ಸಂಸ್ಥೆಯು ೨೦೧೫ರಲ್ಲಿ ಹೊರತಂದ ವಿಜುವಲ್ ಸ್ಟುಡಿಯೊ ಕೋಡ್ ಎಂಬ ಎಡಿಟರಿನಲ್ಲಿಯೂ ಇಂದು ಫಾರ್ಮು, ಅದರ ಹಿಂದಿನ ಲಿಖಿತ ಕಡತ ಎರಡೂ ಕಾಣುವಂತೆ ಇರುವದನ್ನು ನೋಡಿದರೆ, ಈ ತತ್ತ್ವವು ಒಂದೇ ತಂತ್ರಾಂಶಕ್ಕೆ ಸೀಮಿತವಾದುದಲ್ಲವೆಂದು ಸ್ಪಷ್ಟವಾಗುವದು.

೪. ಒಂದು ಊರಿನ ಹೆಸರು, ಮೂರು ಕೀಲಿಮಣೆಗಳು

ಮೇಲಿನ ಮಾತುಗಳನ್ನು ಕನ್ನಡದ ಒಂದು ಶಬ್ದಕ್ಕೆ ಅನ್ವಯಿಸಿ ನೋಡೋಣ. ಧಾರವಾಡ ತಾಲೂಕಿನ ಉಪ್ಪಿನಬೆಟಗೇರಿಯ ಹೆಸರನ್ನೇ ತೆಗೆದುಕೊಳ್ಳೋಣ. ಕಣ್ಣಿಗೆ ಕಾಣುವಂತೆ ಅದರಲ್ಲಿ ಉ, ಪ್ಪಿ, ನ, ಬೆ, ಟ, ಗೇ, ರಿ ಎಂದು ಏಳು ಅಕ್ಷರಗಳಿವೆ. ಯಂತ್ರವು ಯೂನಿಕೋಡ್ ಪದ್ಧತಿಯಂತೆ ಇದನ್ನು ಹದಿಮೂರು ಸಂಕೇತಗಳಾಗಿ ಕೂಡಿಡುವದು. ಏಕೆಂದರೆ ‘ಪ್ಪಿ’ ಒಂದಕ್ಕೇ ಪಕಾರ, ವಿರಾಮ, ಮತ್ತೆ ಪಕಾರ, ಗುಡಿಸು ಎಂದು ನಾಲ್ಕು ಬೇಕು.

ಇದನ್ನು ಮುದ್ರಿಸಲು ಮೂರು ಬಗೆಯ ವಿನ್ಯಾಸಗಳು ಪ್ರಸಿದ್ಧವಾಗಿವೆ. ಕೇಂದ್ರ ಸರಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯ ಪ್ರಯತ್ನದಿಂದ ೧೯೮೬ರಲ್ಲಿ ರೂಪುಗೊಂಡ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ ಬರುವವು. ಭಾರತದ ಹಲವು ಲಿಪಿಗಳಿಗೆ ಅದು ಸಾಮಾನ್ಯವಾದುದು. ಅದರಲ್ಲಿ ನಮ್ಮ ಶಬ್ದಕ್ಕೆ ಹದಿಮೂರು ಒತ್ತುಗಳು ಸಾಕು. ಕಿನ್ನಿಕಂಬಳ ಪದ್ಮನಾಭ ರಾವ್ ಅವರು ರೂಪಿಸಿದ ವಿನ್ಯಾಸವು ಕರ್ನಾಟಕ ಸರಕಾರದ ಮನ್ನಣೆಯನ್ನು ಪಡೆದು, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಕಚೇರಿಗಳಲ್ಲಿ ಬೇರೂರಿತು. ಅದರಲ್ಲಿ ವ್ಯಂಜನವೊಂದರ ಮುಂದೆ ಸ್ವರದ ಕೀಲಿಯನ್ನೊತ್ತಿದರೆ ಕಾಗುಣಿತವು ತಾನಾಗಿ ಮೂಡುವದು. ಯು, ಪಿ, ಎಫ್, ಪಿ, ಐ ಎಂದರೆ ‘ಉಪ್ಪಿ’. ಎನ್, ಬಿ, ಇ, ಕ್ಯೂ ಎಂದರೆ ‘ನಬೆಟ’. ಜಿ, ಶಿಫ್ಟ್ ಸಹಿತ ಇ, ಆರ್, ಐ ಎಂದರೆ ‘ಗೇರಿ’. ಇಲ್ಲಿಯೂ ಹದಿಮೂರೇ. ಎಫ್ ಕೀಲಿಯು ವಿರಾಮಕ್ಕೆ, ಕ್ಯೂ ಕೀಲಿಯು ಟಕಾರಕ್ಕೆ ಮೀಸಲು ಎಂಬುದನ್ನು ಮಾತ್ರ ನೆನಪಿಟ್ಟರೆ ಆಯಿತು. ಮೂರನೆಯದು ರೋಮನ್ ಲಿಪ್ಯಂತರ. ಅದರಲ್ಲಿ ಅಕಾರವನ್ನೂ ಬಿಡದೆ ಬರೆಯಬೇಕಾಗುವದರಿಂದ ಹದಿನಾಲ್ಕು ಒತ್ತುಗಳು ಬೇಕು.

ಒಂದು ಒತ್ತಿನ ಅಂತರವು ದೊಡ್ಡದಲ್ಲ. ದೊಡ್ಡದಾಗಿರುವದು ಬೇರೊಂದಿದೆ. ಸಂಸ್ಕೃತ-ಹಿಂದಿಗಳಲ್ಲಿ ಹ್ರಸ್ವ ‘ಎ’ಕಾರವಿಲ್ಲ, ಆದುದರಿಂದ ಆ ಭಾಷೆಗಳನ್ನು ಮುಂದಿಟ್ಟುಕೊಂಡು ಹೆಣೆದ ಲಿಪ್ಯಂತರದಲ್ಲಿ ರೋಮನ್ನಿನ ಚಿಕ್ಕ ಇ ಅಕ್ಷರವು ದೀರ್ಘ ‘ಏ’ಕಾರಕ್ಕೆ ಸಲ್ಲುವದು ಸಹಜ. ಕನ್ನಡಿಗನಾದರೋ ಚಿಕ್ಕದು ಹ್ರಸ್ವಕ್ಕೆ, ದೊಡ್ಡದು ದೀರ್ಘಕ್ಕೆ ಎಂದು ಎಣಿಸುವನು. ಅಂಥ ಲಿಪ್ಯಂತರವನ್ನು ಬದಲಿಸದೆ ಕನ್ನಡಕ್ಕೆ ತಂದರೆ, ಅವನು ಬರೆದ ಉಪ್ಪಿನಬೆಟಗೇರಿಯು ‘ಉಪ್ಪಿನಬೇಟಗೆರಿ’ಯಾಗಿ ತೆರೆಯ ಮೇಲೆ ಮೂಡುವದು! ಊರಿನ ಹೆಸರುಗಳ ಅಭ್ಯಾಸದಲ್ಲಿ ‘ಕೇರಿ’ಗೂ ‘ಕೆರೆ’ಗೂ ಇರುವ ಭೇದವೇ ವಾದದ ವಿಷಯವಾಗಿರುವಾಗ, ಇದನ್ನು ಕೇವಲ ಬೆರಳಿನ ತೊಡಕೆಂದು ತಳ್ಳಿಹಾಕುವಂತಿಲ್ಲ.

ಎಮ್ಯಾಕ್ಸಿನೊಡನೆ ಕನ್ನಡಕ್ಕಾಗಿ ಲಿಪ್ಯಂತರ ಮತ್ತು ಇನ್‌ಸ್ಕ್ರಿಪ್ಟ್ ಪದ್ಧತಿಗಳು ಬರುತ್ತವೆ. ಭಾಷಾಪರಿಸರವನ್ನು ‘ಕನ್ನಡ’ ಎಂದು ಆರಿಸಿದರೆ ಲಿಪ್ಯಂತರವೇ ತಾನಾಗಿ ನೆಲೆಗೊಳ್ಳುವದು. ಇದು ಬೇಡವಾದವನು ಆಯ್ಕೆಯನ್ನು ಬದಲಿಸಬೇಕು; ಆದರೆ ಆ ಆಯ್ಕೆಯನ್ನು ಹುಡುಕುವದು ಎಲ್ಲಿ? ಅದು ‘ಮ್ಯೂಲ್’ ಎಂಬ ಗುಂಪಿನಲ್ಲಿದೆ. ಜಪಾನಿನ ತ್ಸುಕುಬಾದ ವಿದ್ಯುತ್ತಾಂತ್ರಿಕ ಪ್ರಯೋಗಾಲಯದಲ್ಲಿ ಹಂಡಾ ಕೆನ್-ಇಚಿ ಮೊದಲಾದವರು ಬಹುಭಾಷೆಗಳಿಗಾಗಿ ಮಾಡಿದ ಮಹತ್ತ್ವದ ಕೆಲಸದ ಹೆಸರು ಅದು. ರಚಿಸಿದವರಿಗೆ ಅದು ಅರ್ಥಪೂರ್ಣ. ಧಾರವಾಡದ ವಿದ್ಯಾರ್ಥಿಗೆ ಆ ಹೆಸರಿನಿಂದ ಏನೂ ಹೊಳೆಯದು. ಅವನು ಹುಡುಕುವದು ‘ಕನ್ನಡ’, ‘ಕೀಲಿಮಣೆ’, ‘ಅಕ್ಷರ’ ಎಂಬ ಮಾತುಗಳಿಂದ. ಆಯ್ಕೆಯ ಹೆಸರು ಯಂತ್ರದ ಒಳಭಾಗವನ್ನು ಅನುಸರಿಸದೆ ಬಳಸುವವನ ಕೆಲಸವನ್ನು ಅನುಸರಿಸಬೇಕೆಂಬುದು ಇದರಿಂದ ಸಿದ್ಧವಾಗುವದು.

ಹೆಸರಿನ ಮಹತ್ತ್ವಕ್ಕೆ ಇನ್ನೂ ಒಂದು ಪ್ರಮಾಣವಿದೆ. ಯೂನಿಕೋಡಿನ ಪಟ್ಟಿಯಲ್ಲಿ ‘ೞ’ಕಾರಕ್ಕೆ ಒಂದು ಸ್ಥಾನವು ದೊರೆತಿದೆ; ಆದರೆ ಅದರ ಅಧಿಕೃತ ನಾಮವು ‘ಕನ್ನಡ ಅಕ್ಷರ ಫ’ ಎಂಬರ್ಥ ಬರುವಂತೆ ತಪ್ಪಾಗಿ ದಾಖಲಾಯಿತು. ಒಮ್ಮೆ ಕೊಟ್ಟ ನಾಮವನ್ನು ಬದಲಿಸಕೂಡದೆಂಬ ನಿಯಮವಿರುವದರಿಂದ ತಪ್ಪು ಹಾಗೆಯೇ ಉಳಿದು, ಸರಿಯಾದ ಹೆಸರನ್ನು ಉಪನಾಮವಾಗಿ ಮಾತ್ರ ಸೇರಿಸಲಾಗಿದೆ. ಎಮ್ಯಾಕ್ಸಿನಲ್ಲಿ ಯಾವ ಅಕ್ಷರವನ್ನಾದರೂ ಅದರ ಯೂನಿಕೋಡ್ ನಾಮದಿಂದ ಕರೆದು ತರಬಹುದು. ಹಲ್ಮಿಡಿಯ ಶಬ್ದವನ್ನು ಬರೆಯಬೇಕಾದವನು ಮಾತ್ರ ‘ಫ’ ಎಂಬುದನ್ನು ಕರೆಯಬೇಕೆಂದು ಯಾರಿಗೆ ಹೊಳೆದೀತು? ಆದರೆ ಒಗ್ಗಿಸಿಕೊಳ್ಳಬಲ್ಲ ಸಾಧನದಲ್ಲಿ ಇದಕ್ಕೆ ಪರಿಹಾರವು ಸುಲಭ. ಒಂದು ಕೀಲಿಗೆ ಒಂದು ಅಕ್ಷರ ಎಂಬ ಜೋಡಿಗಳ ಪಟ್ಟಿಯೇ ಕೀಲಿಮಣೆಯ ಕೋಷ್ಟಕವಾಗಿರುವದರಿಂದ, ಬಳಕೆಯಲ್ಲಿಲ್ಲದ ಎರಡು ಕೀಲಿಗಳಿಗೆ ‘ೞ’ ಮತ್ತು ‘ಱ’ಗಳನ್ನು ಜೋಡಿಸುವ ಎರಡು ಸಾಲುಗಳನ್ನು ಅದಕ್ಕೆ ಸೇರಿಸಿದರಾಯಿತು. ಒಬ್ಬರು ಒಮ್ಮೆ ಬರೆದ ಆ ಎರಡು ಸಾಲುಗಳಿಂದ ವಿಭಾಗದ ಎಲ್ಲ ವಿದ್ಯಾರ್ಥಿಗಳ ಪ್ರತಿಲೇಖನಗಳೂ ಶುದ್ಧವಾಗುವವು.

ತಿದ್ದುವಾಗಿನ ತೊಡಕೂ ಗಮನಾರ್ಹವಾಗಿದೆ. ‘ಪ್ಪಿ’ ಎಂಬುದರ ಹಿಂದೆ ನಿಂತು ಅಳಿಸುವ ಕೀಲಿಯನ್ನೊತ್ತಿದರೆ ಕೊನೆಯ ಗುಡಿಸು ಮಾತ್ರ ಹೋಗುವದು. ಮುಂದೆ ನಿಂತು ಮುಂದಿನದನ್ನು ಅಳಿಸಿದರೆ ಇಡೀ ಅಕ್ಷರವೇ ಹೋಗಬಹುದು. ಒತ್ತಕ್ಷರದ ಓದು ಸಂದಿಗ್ಧವಾಗಿರುವ ಶಾಸನದಲ್ಲಿ ಒತ್ತನ್ನಷ್ಟೇ ಬದಲಿಸಬೇಕಾದವನಿಗೆ ಇವೆರಡೂ ಸಾಲವು. ಇದಕ್ಕಾಗಿ, ತಿದ್ದುಗೆರೆಯು ನಿಂತ ಸ್ಥಳದಲ್ಲಿ ಸಂಯುಕ್ತಾಕ್ಷರವನ್ನು ಬಿಡಿಸಿ ತೋರಿಸುವ ಒಂದು ಆಯ್ಕೆಯು ಎಮ್ಯಾಕ್ಸಿನ ಇತ್ತೀಚಿನ ಆವೃತ್ತಿಗಳಲ್ಲಿದೆ. ಸಾಮಾನ್ಯ ಬರಹಗಾರನಿಗೆ ಅದು ಕಿರಿಕಿರಿ; ಪ್ರತಿಲೇಖಕನಿಗೆ ವರ. ಒಬ್ಬನಿಗೆ ಬೇಡವಾದುದು ಇನ್ನೊಬ್ಬನಿಗೆ ಅತ್ಯಗತ್ಯವಾಗಿರುವಲ್ಲಿಯೇ ಆಯ್ಕೆಯು ನಿಜವಾಗಿ ಸಾರ್ಥಕವಾಗುವದು.

೫. ವೈಯಕ್ತಿಕವಾದುದು, ಸಾರ್ವಜನಿಕವಾದುದು

ಇಷ್ಟು ಹೇಳಿದ ಬಳಿಕ ಒಂದು ಆಕ್ಷೇಪವನ್ನು ಎದುರಿಸಬೇಕು. ಎಲ್ಲರೂ ತಮಗೆ ಬೇಕಾದಂತೆ ಸಾಧನವನ್ನು ತಿದ್ದಿಕೊಂಡರೆ ಅರಾಜಕತೆ ಉಂಟಾಗದೆ? ಟೆಕೊ ಮ್ಯಾಕ್ರೊಗಳ ಕಾಲದಲ್ಲಿ ಆದುದೂ ಅದೇ. ನಮ್ಮ ನಾಡಿನಲ್ಲಿಯೂ ಇದಕ್ಕಿಂತ ಕಹಿಯಾದ ಅನುಭವವಾಗಿದೆ. ಯೂನಿಕೋಡ್ ನೆಲೆಗೊಳ್ಳುವ ಮುನ್ನ ಕನ್ನಡದ ಒಂದೊಂದು ತಂತ್ರಾಂಶವೂ ಅಕ್ಷರಗಳಿಗೆ ತನ್ನದೇ ಆದ ಸಂಕೇತಗಳನ್ನು ಕೊಟ್ಟುಕೊಂಡಿತ್ತು. ಒಂದರಲ್ಲಿ ಮುದ್ರಿಸಿದ ಬರಹವನ್ನು ಬೇರೊಂದು ಅಚ್ಚಕ್ಷರವಿರುವ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯೇ ಕಾಣುತ್ತಿತ್ತು. ಭಾರತೀಯ ಲಿಪಿಗಳಿಗೆ ಸಮಾನವಾದ ಸಂಕೇತವನ್ನು ೧೯೯೧ರಲ್ಲಿಯೇ ಭಾರತೀಯ ಮಾನಕವಾಗಿ ಗೊತ್ತುಪಡಿಸಲಾಗಿತ್ತು. ಯೂನಿಕೋಡಿನ ಮೊದಲನೆಯ ಆವೃತ್ತಿಯಲ್ಲಿ ಅದೇ ವರ್ಷ ಕನ್ನಡಕ್ಕೆ ಸ್ಥಾನವೂ ದೊರೆತಿತ್ತು. ಆದರೂ ಹಳೆಯ ರೂಢಿಯು ಬಹುಕಾಲ ಉಳಿಯಿತು. ಆ ಕಾಲದಲ್ಲಿ ಮುದ್ರಿಸಿದ ಪ್ರಬಂಧಗಳನ್ನೂ ಪಟ್ಟಿಗಳನ್ನೂ ಇಂದು ಓದಬೇಕಾದರೆ ಪರಿವರ್ತಕಗಳ ಮೊರೆಹೊಗಬೇಕಾಗಿದೆ.

ಆದರೆ ಈ ಅನುಭವವು ಒಗ್ಗಿಸಿಕೊಳ್ಳುವಿಕೆಯ ವಿರುದ್ಧವಾದ ಸಾಕ್ಷ್ಯವಲ್ಲ; ಅದರ ಎಲ್ಲೆಯನ್ನು ತೋರಿಸುವ ಸಾಕ್ಷ್ಯ. ಬೆರಳು ಯಾವ ಕೀಲಿಯನ್ನೊತ್ತುವದು, ಕಣ್ಣು ಯಾವ ಬಣ್ಣವನ್ನು ಕಾಣುವದು, ಅಕ್ಷರವು ಎಷ್ಟು ದೊಡ್ಡದಾಗಿರಬೇಕು ಇವು ವೈಯಕ್ತಿಕವಾದವು; ಇಲ್ಲಿ ಪೂರ್ಣ ಸ್ವಾತಂತ್ರ್ಯವಿರಲಿ. ಕಡತದಲ್ಲಿ ಯಾವ ಸಂಕೇತವು ಕೂಡಿಡಲ್ಪಡುವದು, ಅಳಿಸಿದ ಅಕ್ಷರಕ್ಕೆ ಯಾವ ಚಿಹ್ನೆ, ಊಹಿಸಿ ತುಂಬಿದ ಅಕ್ಷರಕ್ಕೆ ಯಾವ ಚಿಹ್ನೆ ಇವು ಸಾರ್ವಜನಿಕವಾದವು; ಇಲ್ಲಿ ಒಮ್ಮತವೇ ಇರಬೇಕು. ಬಿ. ಎಲ್. ರೈಸ್ ಅವರು ೧೮೮೬ರಿಂದ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳನ್ನು ಹೊರತಂದಾಗಲೂ, ೧೯೩೯ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಕನ್ನಡ ಸಂಶೋಧನ ಸಂಸ್ಥೆಯು ಶಾಸನಸ‌ಂಪುಟಗಳನ್ನು ಪ್ರಕಟಿಸಿದಾಗಲೂ ಓದಿದವರು ಬೇರೆ ಬೇರೆ, ಅವರ ಕೈಬರಹವು ಬೇರೆ ಬೇರೆ. ಅಚ್ಚಾಗುವ ಪಾಠಕ್ಕೆ ಮಾತ್ರ ಒಂದು ಕ್ರಮವಿರಬೇಕಾಗಿತ್ತು. ಕೈಬರಹದ ಸ್ವಾತಂತ್ರ್ಯ, ಪಾಠದ ಶಿಸ್ತು ಎಂಬ ಹಳೆಯ ವಿವೇಕವನ್ನೇ ಹೊಸ ಸಾಧನಕ್ಕೂ ಅನ್ವಯಿಸಬೇಕು.

ಒಳ್ಳೆಯ ರಚನೆಯು ಈ ಎರಡನ್ನೂ ಬೆರೆಸದೆ ಬೇರೆ ಬೇರೆಯಾಗಿ ಇರಿಸುವದು. ಎಮ್ಯಾಕ್ಸಿನಲ್ಲಿ ಬಳಸುವವನ ಸ್ವಂತ ಆಯ್ಕೆಗಳು ಅವನ ಮನೆಯ ಕಡತದಲ್ಲಿರುತ್ತವೆ. ಒಂದು ಯೋಜನೆಗೆ ಸಂಬಂಧಿಸಿದ ಆಯ್ಕೆಗಳನ್ನು ಆ ಯೋಜನೆಯ ಕೋಶದಲ್ಲಿಯೇ ಪ್ರತ್ಯೇಕವಾಗಿ ಬರೆದಿಡಬಹುದು. ಕೋಶವನ್ನು ಪಡೆದವರಿಗೆಲ್ಲ ಅವು ತಾವಾಗಿ ಅನ್ವಯಿಸುವವು. ಹಾಗೆ ಬಂದ ಆಯ್ಕೆಯು ಅಪಾಯಕಾರಿಯಾಗಬಹುದೆಂದು ಕಂಡಲ್ಲಿ ‘ಇದನ್ನು ಒಪ್ಪುವಿರಾ?’ ಎಂದು ಎಡಿಟರು ಮೊದಲು ಕೇಳುವದು. ಬೇರೆಯವರು ಕೊಟ್ಟ ವ್ಯವಸ್ಥೆಯನ್ನು ಒಪ್ಪುವ ಅಥವಾ ನಿರಾಕರಿಸುವ ಹಕ್ಕು ಬಳಸುವವನಿಗೇ ಉಳಿದಿದೆ.

ಸಾರ್ವಜನಿಕವಾದುದು ಎಷ್ಟು ಸೂಕ್ಷ್ಮವಾಗಿರಬಹುದೆಂಬುದಕ್ಕೆ ಅರ್ಕಾವೊತ್ತಿನ ಉದಾಹರಣೆ ಸಾಕು. ‘ಕಾರ್ಯ’ ಎಂಬಲ್ಲಿ ರೇಫವನ್ನು ಅರ್ಕಾವೊತ್ತಾಗಿ ಬರೆಯುವದು ಇಂದಿನ ರೂಢಿ. ರಕಾರವನ್ನು ಪೂರ್ಣವಾಗಿ ಬರೆದು ಯಕಾರವನ್ನು ಒತ್ತಾಗಿ ಕೊಡುವ ‘ಕಾರ‍್ಯ’ ಎಂಬ ರೂಪವೂ ಬರಹಗಳಲ್ಲಿ ಸಿಗುವದು. ಎರಡನೆಯದನ್ನು ಉಳಿಸಿಕೊಳ್ಳಬೇಕಾದರೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಸಂಕೇತವನ್ನು ನಡುವೆ ಸೇರಿಸಬೇಕಾಗುವದು. ಕಣ್ಣಿಗೆ ಕಾಣದುದರಿಂದಲೇ ಅದು ಒಬ್ಬರ ಪ್ರತಿಯಲ್ಲಿ ಇದ್ದು ಇನ್ನೊಬ್ಬರ ಪ್ರತಿಯಲ್ಲಿ ಇಲ್ಲವಾದರೆ, ಹುಡುಕುವಾಗ ಒಂದು ಸಿಕ್ಕಿ ಒಂದು ಸಿಕ್ಕದೆಹೋಗುವದು. ಇಂಥದನ್ನು ಕಾಣಿಸುವ ಆಯ್ಕೆಯನ್ನು ವಿಭಾಗದ ಕೋಶದಲ್ಲಿಯೇ ಜಾರಿಗೊಳಿಸಿಟ್ಟರೆ ತೊಡಕು ನಿವಾರಣೆಯಾಗುವದು.

೬. ಉಳಿದಿರುವ ಕೊರತೆಗಳು

ಎಮ್ಯಾಕ್ಸಿನ ಫಾರ್ಮು ಸರ್ವಾಂಗಸುಂದರವಾದುದೆಂದು ನಾವು ಹೇಳಲಾರೆವು. ಆಯ್ಕೆಗಳ ಸಂಖ್ಯೆಯು ಸಾವಿರಗಳಲ್ಲಿರುವದರಿಂದ ಹೊಸಬನು ಅರಣ್ಯವನ್ನು ಹೊಕ್ಕಂತೆ ದಿಗ್ಭ್ರಮೆಗೊಳ್ಳುವನು. ಹುಡುಕುವ ಸೌಕರ್ಯವಿದ್ದರೂ ಹುಡುಕಬೇಕಾದ ಮಾತು ಇಂಗ್ಲಿಷಿನದು, ಅದೂ ತಂತ್ರಜ್ಞರ ಇಂಗ್ಲಿಷಿನದು. ಫಾರ್ಮಿನಲ್ಲಿ ತುಂಬಿದುದೂ ಕೈಯಾರೆ ಬರೆದುದೂ ವಾಡಿಕೆಯಂತೆ ಒಂದೇ ಕಡತದಲ್ಲಿ ಸೇರುವದರಿಂದ, ಯಾವುದು ಎಲ್ಲಿಂದ ಬಂತೆಂಬ ಗೊಂದಲವೂ ಉಂಟಾಗುವದು. ಎರಡನ್ನೂ ಬೇರೆ ಕಡತಗಳಲ್ಲಿ ಇರಿಸುವ ಉಪಾಯವು ಇದ್ದರೂ ಅದು ತಿಳಿದವರಿಗೆ ಮಾತ್ರ ದಕ್ಕುವದು.

ಆದುದರಿಂದ ಇಂಥ ಸಾಧನವನ್ನು ವಿಭಾಗವೊಂದು ತನ್ನ ವಿದ್ಯಾರ್ಥಿಗಳ ಕೈಗೆ ಕೊಡುವಾಗ ಮಧ್ಯದಲ್ಲಿ ಒಂದು ಚಿಕ್ಕ ಫಾರ್ಮನ್ನು ತಾನೇ ರಚಿಸಿ ಕೊಡುವದು ಯುಕ್ತವೆಂದು ನಮ್ಮ ಅಭಿಪ್ರಾಯ. ಹೊಸ ಗುಂಪನ್ನೂ ಅದರೊಳಗಿನ ಆಯ್ಕೆಗಳನ್ನೂ ಘೋಷಿಸುವದು ಮೂರನೆಯ ಬಾಗಿಲನ್ನು ಬಲ್ಲ ಒಬ್ಬರಿಂದ ಆಗಬಹುದಾದ ಕೆಲಸ. ವಿವರಣೆಯನ್ನು ಕನ್ನಡದಲ್ಲಿಯೇ ಬರೆಯಲು ಯಾವ ಅಡ್ಡಿಯೂ ಇಲ್ಲ. ಅದರಲ್ಲಿ ಐದಾರು ಆಯ್ಕೆಗಳಿದ್ದರೆ ಸಾಕು: ಯಾವ ಕೀಲಿಮಣೆ; ‘ೞ’-‘ಱ’ಗಳಿಗೆ ಯಾವ ಕೀಲಿ; ಒತ್ತಕ್ಷರವನ್ನು ಬಿಡಿಸಿ ತೋರಿಸಬೇಕೆ; ಕಾಣದ ಸಂಕೇತಗಳನ್ನು ಕಾಣಿಸಬೇಕೆ; ಪಂಕ್ತಿಸಂಖ್ಯೆ ಬೇಕೆ; ಅಕ್ಷರದ ಗಾತ್ರವೆಷ್ಟು. ಪ್ರತಿಯೊಂದರ ಕೆಳಗೆ ಅದು ಏನು ಮಾಡುವದೆಂಬುದನ್ನು ಒಂದು ವಾಕ್ಯದಲ್ಲಿ ಹೇಳಿ, ಒಂದು ಕನ್ನಡ ಶಬ್ದದ ಉದಾಹರಣೆಯನ್ನು ಕೊಡಬೇಕು. ‘ೞ’ದ ಆಯ್ಕೆಯ ಕೆಳಗೆ ಹಲ್ಮಿಡಿಯ ‘ಬಾಳ್ಗೞ್ಚು’ವನ್ನೇ ಕೊಟ್ಟರೆ, ಆ ಅಕ್ಷರವು ಏಕೆ ಬೇಕೆಂಬುದನ್ನೂ ಫಾರ್ಮೇ ಕಲಿಸಿದಂತಾಗುವದು.

ಆಯ್ಕೆಗಳನ್ನು ರಚಿಸುವವರಿಗೆ ಈ ವಿವೇಚನೆಯಿಂದ ಸಿದ್ಧವಾಗುವ ತತ್ತ್ವಗಳನ್ನು ಹೀಗೆ ಸಂಗ್ರಹಿಸಬಹುದು. ಆಯ್ಕೆಯ ಹೆಸರು ಬಳಸುವವನ ಮಾತಿನಲ್ಲಿರಲಿ. ಸಲ್ಲದ ಬೆಲೆಯನ್ನು ಫಾರ್ಮೇ ನಿರಾಕರಿಸಲಿ. ಉಳಿಸುವದಕ್ಕೆ ಮುಂಚೆ ಪ್ರಯೋಗಿಸಲು ಅವಕಾಶವಿರಲಿ, ಪ್ರಯೋಗಿಸಿದ ಬಳಿಕ ಹಿಂದಿರುಗಲು ದಾರಿಯಿರಲಿ. ವೈಯಕ್ತಿಕವಾದುದು ಸಾರ್ವಜನಿಕವಾದುದರಲ್ಲಿ ಬೆರೆಯದಿರಲಿ. ಫಾರ್ಮಿನಲ್ಲಿ ತೃಪ್ತನಾಗದವನಿಗೆ ಅದರ ಹಿಂದಿನ ಬರಹವನ್ನು ಓದಿ ಮುಂದುವರಿಯುವ ಬಾಗಿಲು ಮುಚ್ಚದಿರಲಿ.

೭. ಉಪಸಂಹಾರ

ಧಾರವಾಡ ಪ್ರಾಂತದ ಹಳ್ಳಿಗಳ ಮನೆಗಳಲ್ಲಿ ಇನ್ನೂ ಹಳೆಯ ಖರೀದಿಪತ್ರಗಳು, ಲೆಕ್ಕದ ವಹಿಗಳು, ಕನ್ನಡದವೂ ಮೋಡಿಯವೂ ಆದ ಕಾಗದಗಳು ಗಂಟು ಕಟ್ಟಿ ಇಟ್ಟಲ್ಲಿಯೇ ಇವೆ. ಮೋಡಿ ಲಿಪಿಗೆ ಯೂನಿಕೋಡಿನಲ್ಲಿ ಸ್ಥಾನ ದೊರೆತುದು ೨೦೧೪ರಲ್ಲಿ. ಈ ಗಂಟುಗಳನ್ನು ಬಿಚ್ಚಿ ಪ್ರತಿ ಮಾಡುವವರು ದೊಡ್ಡ ಪಂಡಿತರಾಗಿರುವದಿಲ್ಲ, ಯಂತ್ರಜ್ಞರೂ ಆಗಿರುವದಿಲ್ಲ. ಅವೇ ಊರುಗಳಿಂದ ಕಾಲೇಜಿಗೆ ಬಂದ ವಿದ್ಯಾರ್ಥಿಗಳಾಗಿರುವರು. ತಾವು ಪ್ರೋಗ್ರಾಂ ಬರೆಯುವವರೆಂದು ಅವರು ಎಂದಿಗೂ ಹೇಳಿಕೊಳ್ಳಲಾರರು. ಮಲ್ಟಿಕ್ಸ್ ಕಚೇರಿಯ ಕಾರಕೂನರೂ ಹೇಳಿಕೊಂಡಿರಲಿಲ್ಲ. ಅವರ ಮುಂದಿರುವ ಸಾಧನವು ತಮ್ಮ ಮಾತಿನಲ್ಲಿ ತಮ್ಮನ್ನು ಪ್ರಶ್ನಿಸಿದರೆ ಅವರು ಉತ್ತರಿಸಬಲ್ಲರು; ಉತ್ತರಿಸಿದರೆ ಕಾಗದದಲ್ಲಿ ಇದ್ದುದು ಇದ್ದಂತೆ ಮುಂದಿನವರಿಗೆ ದಾಟುವದು. ಪ್ರಶ್ನೆಯನ್ನೇ ಕೇಳದ ಸಾಧನವಾದರೋ ಉತ್ತರವನ್ನು ತಾನೇ ಊಹಿಸಿಕೊಳ್ಳುವದು. ಆ ಊಹೆಯೇ ಕಾಲಾಂತರದಲ್ಲಿ ದಾಖಲೆಯಾಗಿ ನಿಲ್ಲುವದು. ಯಾವ ವಿಭಾಗವೇ ಆಗಲಿ, ಪ್ರತಿಲೇಖನದ ಕಾರ್ಯವನ್ನು ಆರಂಭಿಸುವ ಮುನ್ನ ಮೊದಲ ವಾರವನ್ನು ಈ ಆಯ್ಕೆಗಳ ಗೊತ್ತುವಳಿಗಾಗಿ ಮೀಸಲಿಟ್ಟರೆ, ಮುಂದಿನ ಹಲವು ವರ್ಷಗಳ ತಿದ್ದುಪಡಿಯು ಉಳಿಯುವದೆಂದು ನಾವು ಭಾವಿಸುತ್ತೇವೆ.